ಪೈಪಿನ ಮೇಲೆ ಮಲಗುವವರು

ಹುಬ್ಬಳ್ಳಿಯಲ್ಲಿ ಮೇ ತಿಂಗಳಿಗೂ ಹಿಮ ಕರಗದೆ ಬಹಳ ವರ್ಷಗಳಾಗಿದ್ದವು. ಪರಪ್ಪ ನೆಲದ ಮೇಲೆ ನಿಂತು, ತುದಿಯಲ್ಲಿ ನೀರು ಚಿಮ್ಮುವ ಉದ್ದ ಕೋಲಿನ ಬ್ರಶ್‌ನಿಂದ ಮೂರನೇ ಮಹಡಿಯ ಹಿಮ ಮೆತ್ತಿದ ಗಾಜು ತೊಳೆಯುತ್ತಿದ್ದಾಗ ನೀರು ನಿಂತುಹೋಯಿತು. ಒಳಗಿದ್ದ ಹೆಂಗಸು ಕಿಟಕಿ ತಟ್ಟಿ, ಬಿಸಿಲು ಬೇಕೆಂದು ಸನ್ನೆ ಮಾಡಿದಳು.

ಕೋಲನ್ನು ಇಳಿಸಿ ನೋಡಿದ. ಬ್ರಶ್‌ನ ತೂತುಗಳಲ್ಲಿ ಹಿಮ ಕಟ್ಟಿರಲಿಲ್ಲ. ಹಾಗಾದರೆ ತೊಂದರೆ ನೆಲಮಾಳಿಗೆಯಲ್ಲಿ.

ಅಲ್ಲಿ ದುಡಿಯಲಾಗದ ಮುದುಕರು ನೀರಿನ ಪೈಪಿನ ಮೇಲೆ ಸಾಲಾಗಿ ಮಲಗಿದ್ದರು. ಅವರ ಮೈಕಾವಿಗೆ ನೀರು ಹೆಪ್ಪುಗಟ್ಟುತ್ತಿರಲಿಲ್ಲ. ಅದಕ್ಕೇ ಅವರಿಗೆ ಎರಡು ಹೊತ್ತು ಊಟ. ಪರಪ್ಪ ಒಬ್ಬೊಬ್ಬರ ಬೆನ್ನ ಕೆಳಗೆ ಕೈ ತೂರಿಸಿ ಪೈಪು ಮುಟ್ಟುತ್ತ ಹೋದ. ಅವನನ್ನು ಸಾಕಿದ ಚಿಗವ್ವ ದುಂಡವ್ವನ ಕೆಳಗೆ ಕೈಗೆ ಕೌದಿ ತಾಗಿತು.

"ಕೌದಿ ಹೊಚ್ಚಿಕೊಳ್ಳಾಕ ಕೊಟ್ಟಾರ ಚಿಗವ್ವ, ಹಾಸಿಕೊಳ್ಳಾಕ ಅಲ್ಲ."

"ಪೈಪು ಬೆನ್ನು ಕೊರ್ಯಾಕತ್ತೈತೋ ಪರಪ್ಪ. ಇವತ್ತೊಂದಿನ ಬಿಡು."

"ಮ್ಯಾಲಿನವರು ಬಿಸಿಲಿಗೆ ಕಾಯಾಕತ್ತಾರ."

ಅವಳನ್ನು ಮೆಲ್ಲಗೆ ಹೊರಳಿಸಿ ಕೌದಿ ಎಳೆದುಕೊಂಡ. ಬರಿಯ ಪೈಪು ತಾಗಿದಾಗ ಅವಳು ಹಲ್ಲು ಕಚ್ಚಿದಳು. ಮತ್ತೆ ಕೆಳಗೆ ಹಾಸಿಕೊಂಡಾಳೆಂದು ಅವನು ಅದನ್ನು ಹೊದಿಸಲಿಲ್ಲ; ತನ್ನ ಹೆಗಲಿಗೆ ಹಾಕಿಕೊಂಡು ಮೇಲೆ ಹೋದ. ಸ್ವಲ್ಪ ಹೊತ್ತಿಗೆ ನೀರು ಹರಿಯಿತು. ಗಾಜು ತಿಳಿಯಾಯಿತು. ಒಳಗಿನ ಹೆಂಗಸು ಬಿಸಿಲಿಗೆ ಮುಖವೊಡ್ಡಿ ನಕ್ಕಳು.

ಮರುದಿನ ಬೆಳಿಗ್ಗೆ ನೀರು ಮತ್ತೆ ನಿಂತಿತು. ಈ ಸಲ ಪರಪ್ಪ ಸಾಲಿನಲ್ಲಿ ಯಾರನ್ನೂ ಮುಟ್ಟಿ ನೋಡಲಿಲ್ಲ. ಜಾಗಕ್ಕಾಗಿ ಬಾಗಿಲಲ್ಲಿ ಕಾಯುತ್ತಿದ್ದ ಮುದುಕನೊಬ್ಬನ ಅಂಗೈ ಬೆಚ್ಚಗಿದೆಯೇ ಎಂದು ನೋಡಿ, ನೇರವಾಗಿ ದುಂಡವ್ವನ ಬಳಿಗೆ ಕರೆದೊಯ್ದ.