ಇಳಿದ ಕೆನ್ನೆ

ಕಿಡ್ನಿ ಕಸಿಯಾದ ಮೇಲೆ ಮಾತ್ರೆಗಳ ದೆಸೆಯಿಂದ ನಿಂಗರಾಜುವಿನ ಕೆನ್ನೆ ಉಬ್ಬಿ ಮದುಮಗನ ಕಳೆ ಬಂದಿತ್ತು. ಹೆಂಡತಿ ಸುಗುಣಳಿಗೆ ಅದೇ ದಿಗಿಲು. ಅಂಗವಿಕಲರ ಪಿಂಚಣಿಯ ಮರುತಪಾಸಣೆಯಲ್ಲಿ ಆ ಮುಖ ಕಂಡವರು ರೋಗಿ ಅಂದಾರೆಯೇ? ಪಿಂಚಣಿ ನಿಂತರೆ ಆ ಮಾತ್ರೆಗಳಿಗೂ ಗತಿಯಿರಲಿಲ್ಲ. ಪುಣ್ಯಕ್ಕೆ, ತಪಾಸಣೆಯ ಹೊತ್ತಿಗೆ ಕೆನ್ನೆ ಇಳಿದು ಮುಖ ಬಾಡಿತ್ತು.

ಡಾಕ್ಟರು ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಕಿಡ್ನಿ ಕೊಟ್ಟಿದ್ದು ಯಾರು?"

"ನಾನೇ ಕೊಟ್ಟೆ ಸಾರ್," ಎಂದಳು ಸುಗುಣ. "ಆದ್ರೂ ಇವ್ರು ಪೂರ್ತಿ ವಾಸಿಯಾಗಿಲ್ಲ. ಭಾರ ಎತ್ತೋ ಹಾಗಿಲ್ಲ, ಜನರ ಮಧ್ಯೆ ದುಡಿಯೋ ಹಾಗಿಲ್ಲ. ಪಿಂಚಣಿ ಮಾತ್ರ ನಿಲ್ಲಿಸ್ಬೇಡಿ ಸಾರ್."

"ನಿಲ್ಲಿಸಲ್ಲಮ್ಮ."

ಅವಳು ಎರಡೂ ಕೈ ಎತ್ತಿ ಮುಗಿದಳು. ಡಾಕ್ಟರ ಮುಖ ಮಾತ್ರ ಸಡಿಲಲಿಲ್ಲ.

"ಹಾಕಿದ ಕಿಡ್ನಿ ಕೈಕೊಡ್ತಿರೋ ಹಾಗಿದೆ. ಈಗಿಂದೀಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು. ಏನಪ್ಪಾ, ಮಾತ್ರೆ ಬಿಟ್ಟಿದ್ದೀಯಾ?"

ನಿಂಗರಾಜು ಹೆಂಡತಿಯ ಮುಖ ನೋಡಿದ.

"ಕೆನ್ನೆ ಇಳೀಲಿ ಅಂತ," ಎಂದಳು ಸುಗುಣ, "ನಾನೇ ಬಿಡಿಸ್ದೆ ಸಾರ್."