ಹಿಡಿ ಹತ್ತಿರದ ಕೊಕ್ಕೆ

ಹಳೆಯ ಆಯುಧಗಳ ಗುರುತು ಹೇಳುವುದರಲ್ಲಿ ಆ ಪ್ರೊಫೆಸರನ್ನು ಮೀರಿಸುವವರು ಊರಲ್ಲಿರಲಿಲ್ಲ. ಅಂದು ಪುರಾತನ ವಸ್ತುಗಳ ಅಂಗಡಿಯವನು ಅವರಿಗೆ ಫೋನ್ ಮಾಡಿದ. ದನಿ ಯಾಕೋ ಬಹಳ ತಗ್ಗಿತ್ತು.

"ಸಾರ್, ನಿನ್ನೆ ಬಂದ ಪೆಟ್ಟಿಗೇಲಿ ಒಂದು ಜಪಾನಿ ಕಠಾರಿ ಇತ್ತು. ಆಕಾರ ವಿಚಿತ್ರವಾಗಿದೆ. ಯಾವುದು ಅಂತ ಸ್ವಲ್ಪ ಬೇಗ ಹೇಳಿ."

"ಅಲಗು ಹೇಗಿದೆ?"

"ಮೊಳಕ್ಕೆ ಸ್ವಲ್ಪ ಕಮ್ಮಿ. ಒಂಚೂರು ಬಾಗಿದೆ."

"ಹರಿತ ಇದೆಯಾ? ಬೆರಳಿಟ್ಟು ನೋಡು."

"ಅಷ್ಟು ಹತ್ತಿರ ಹೋಗೋ ಧೈರ್ಯ ಇಲ್ಲ ಸಾರ್."

ಪ್ರೊಫೆಸರ್ ನಕ್ಕರು. "ಎಂಥಾ ವ್ಯಾಪಾರಿನಯ್ಯಾ ನೀನು! ಹೋಗ್ಲಿ, ಹಿಡಿ ಹತ್ತಿರ ಕೊಕ್ಕೆ ಏನಾದ್ರೂ ಇದೆಯಾ?"

"ಒಂದ್ನಿಮಿಷ ಸಾರ್, ಅಲ್ಲಾಡ್ತಾನೇ ಇದೆ... ಹಾಂ, ಇದೆ! ಗಿಣಿಮೂಗಿನ ಥರ."

"ಹಾಗಾದ್ರೆ ಅದು ಹಚಿವಾರಿ. ಎದುರಾಳಿಯ ಕತ್ತಿ ತಡೆಯೋಕೆ ಇಟ್ಕೊಳ್ತಿದ್ದ ಕಬ್ಬಿಣದ ಸಲಾಕೆ. ನೋಡೋಕಷ್ಟೇ ಕಠಾರಿ, ಅದ್ರಲ್ಲಿ ಸೌತೆಕಾಯಿ ಕೂಡ ಹೆಚ್ಚೋಕಾಗಲ್ಲ."

"ಖಂಡಿತಾನಾ ಸಾರ್?"

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವೇನಯ್ಯಾ?"

ಆ ಕಡೆಯಿಂದ ಅಂಗಡಿಯವನ ದನಿ ಒಮ್ಮೆಲೇ ಗುಡುಗಿತು: "ಎಲ್ರೂ ಮೇಜಿನ ಕೆಳಗಿಂದ ಹೊರಗೆ ಬನ್ರೋ! ಅದು ಕುಯ್ಯಲ್ವಂತೆ, ಹಿಡ್ಕೊಳ್ಳಿ ಆ ಕಳ್ಳನ್ನ!"