ಬೆಳ್ಳಿ ಬಟ್ಟಲಿನ ಮೇಲಿನ ಹೆಸರು

"ಟಟಲ್ ಅವರೇ, ಕಡೆದ ಬೆಣ್ಣೇನ ಎಷ್ಟು ಸಲ ತೊಳೀತೀರಿ?" ಮೇಳದ ಬೆಣ್ಣೆ ಸ್ಪರ್ಧೆಯ ತೀರ್ಪುಗಾರ ಕರ್ನಲ್ ಪೀಬಡಿ ಕೇಳಿದ.

ಓಬೆಡ್ ಟಟಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ವಾರಕ್ಕೊಂದ್ಸಲ ಸಾರ್. ಶನಿವಾರ. ಬಿಸಿನೀರಲ್ಲಿ." ಅವನು ಸ್ನಾನ ಮಾಡುತ್ತಿದ್ದದ್ದೂ ಅಂದೇ.

ಡೇರೆಯಲ್ಲಿದ್ದ ಹೆಂಗಸರೆಲ್ಲ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಅವನ ಹೆಂಡತಿ ಲುಸಿಂಡಾ ಮಾತ್ರ ಕಣ್ಣು ಮುಚ್ಚಿಕೊಂಡಳು. ಆ ಬೆಣ್ಣೆಯನ್ನು ಕಡೆದು, ತಣ್ಣೀರಿನಲ್ಲಿ ತೊಳೆದು, ಸೆಕೆಗೆ ಕರಗದಂತೆ ಬಾವಿಯೊಳಗೆ ಇಳಿಬಿಟ್ಟು ಕಾಪಾಡಿದವಳು ಅವಳು. ಮೊದಲ ಬಹುಮಾನದ ಬೆಳ್ಳಿ ಬಟ್ಟಲಿನ ಮೇಲೆ ತನ್ನ ಹೆಸರು ಕಾಣಬೇಕೆಂದು ಹೋದ ವರ್ಷದಿಂದ ಅವಳಿಗೆ ಆಸೆ. ಆದರೆ ರಾಜ್ಯ ಮೇಳ ಶುರುವಾಗಿ ಇನ್ನೂ ಎರಡೇ ವರ್ಷ. ನಿಯಮ ಮಾಡಿದವರೆಲ್ಲ ಗಡ್ಡದವರು. ಹಂದಿಯಿರಲಿ, ಉಪ್ಪಿನಕಾಯಿಯಿರಲಿ, ಮನೆಯ ಯಜಮಾನನ ಹೆಸರಿನಲ್ಲೇ ಸ್ಪರ್ಧೆಗೆ ಇಡಬೇಕು.

"ಬೆಣ್ಣೇನ ಬಿಸಿನೀರಲ್ಲಿ ತೊಳೀತೀರಾ?" ಕರ್ನಲ್ ಹುಬ್ಬೇರಿಸಿದ. "ಇದು ನೀವು ಮಾಡಿದ್ದಲ್ಲ ಬಿಡಿ."

"ಅದು... ನಮ್ಮನೆಯೋಳೂ ಸ್ವಲ್ಪ ಕೈಹಾಕಿದ್ಲು ಸಾರ್."

"ಸ್ವಲ್ಪಾನಾ ರೀ?" ಲುಸಿಂಡಾ ಮುಂದೆ ಬಂದಳು. "ನೀವು ಮಾಡಿದ್ದು ರೊಟ್ಟಿಗೆ ಹಚ್ಕೊಂಡು ತಿಂದಿದ್ದೊಂದೇ."

ಕರ್ನಲ್ ಇಕ್ಕಟ್ಟಿಗೆ ಸಿಕ್ಕಿಬಿದ್ದ. ರುಚಿ ನೋಡುವ ನೆಪದಲ್ಲಿ ಆಗಲೇ ಅರ್ಧ ಬೆಣ್ಣೆ ಮುಗಿಸಿದ್ದ. ಬಹುಮಾನ ಬೇರೆಯವರಿಗೆ ಕೊಡಲು ನಾಲಿಗೆ ಒಪ್ಪಲಿಲ್ಲ. "ನೋಡಮ್ಮ, ಇವರ ಹೆಸರು ಕೆತ್ತಿಸಿದ್ರೆ ಸುಳ್ಳಾಗುತ್ತೆ. ಹೆಂಗಸರ ಹೆಸರು ಕೆತ್ತಿಸೋಕೆ ನಿಯಮ ಬಿಡಲ್ಲ. ನಾನೇನು ಮಾಡ್ಲಿ?"

ಲುಸಿಂಡಾಳಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ದನದ ಚಪ್ಪರದತ್ತ ಕೈ ತೋರಿಸಿದಳು. ಅಲ್ಲಿ ಒಂದೊಂದು ಹಸುವಿನ ತಲೆಯ ಮೇಲೂ ಹೆಸರಿನ ಹಲಗೆ ತೂಗುತ್ತಿತ್ತು.

"ಅವಕ್ಕೆಲ್ಲ ಹೆಸರು ಹಾಕಿದೀರಲ್ಲ? ಹಂಗಾದ್ರೆ ನಮ್ಮ ಕ್ಲೋವರ್ ಹೆಸರೇ ಕೆತ್ತಿಸಿ. ಹಾಲು ಕೊಟ್ಟವಳು ಅವಳು. ಅದರಲ್ಲಿ ಸುಳ್ಳೇನೂ ಇಲ್ಲ."

ಕರ್ನಲ್ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ. ಹಸುವಿಗೆ ಎಲ್ಲೂ ಅಡ್ಡಿ ಕಾಣಲಿಲ್ಲ. ಹಣೆ ಒರೆಸಿಕೊಂಡು ಒಪ್ಪಿದ.

ಬಟ್ಟಲು ಟಟಲ್ ಮನೆಯ ಕಪಾಟಿನ ಮೇಲೆ ಕೂತಿತು. ಊರಿಗೆ ಹೊಸದಾಗಿ ಬಂದ ಪಾದ್ರಿಯ ಹೆಂಡತಿ ಒಂದು ಮಧ್ಯಾಹ್ನ ಚಹಾಕ್ಕೆ ಬಂದವಳು ಅದನ್ನು ತಿರುಗಿಸಿ ಓದಿದಳು.

"ಕ್ಲೋವರ್! ಎಷ್ಟು ಚೆಂದದ ಹೆಸರು. ನೀವೇನಾ?"

"ಅಯ್ಯೋ ಅಲ್ಲ, ಅದು ನಮ್ಮ ಹಸು," ಎಂದಳು ಲುಸಿಂಡಾ, ರೊಟ್ಟಿಗೆ ಬೆಣ್ಣೆ ಹಚ್ಚುತ್ತ. "ನಾನು ಮಿಸೆಸ್ ಓಬೆಡ್ ಟಟಲ್."